ಜಾಮ್ ಆದ ಚೈನ್‌ಸಾ ಇಂಜಿನ್ನಿನ ಪುನರ್‌ಜೋಡಣೆ: ದರಪಟ್ಟಿಗೆ ಒಪ್ಪಿಗೆ ನೀಡುವ ಮುನ್ನ

ಮಲೆನಾಡು, ಕೊಡಗು ಹಾಗೂ ಕರಾವಳಿ ಭಾಗದ ಗ್ರಾಮ ಪಂಚಾಯಿತಿಗಳಲ್ಲಿ ಮುಂಗಾರಿನ ಮೊದಲ ಗಾಳಿಮಳೆಗೆ ರಸ್ತೆಗಡ್ಡವಾಗಿ ಮರ ಬಿದ್ದಾಗ ಎಲ್ಲರಿಗೂ ನೆನಪಾಗುವುದು ಪಂಚಾಯಿತಿ ಕೊಠಡಿಯ ಮೂಲೆಯಲ್ಲಿರುವ ಚೈನ್‌ಸಾ. ಅಂದು ಅದನ್ನು ಹೊರತೆಗೆದು ಸ್ಟಾರ್ಟರ್ ಹಗ್ಗ ಎಳೆದರೆ ಹಗ್ಗವೇ ಬಾರದಿರುವುದು, ಅಥವಾ ಹತ್ತು ನಿಮಿಷ ಓಡಿ ಒಮ್ಮೆಲೇ ನಿಂತುಹೋಗುವುದು ಅಪರೂಪವೇನಲ್ಲ. ಮರದ ಆಚೆ ಬದಿಯಲ್ಲಿ ಶಾಲಾ ವಾಹನವೋ ಹೆರಿಗೆಗೆ ಹೊರಟ ಹೆಣ್ಣುಮಗಳನ್ನು ಹೊತ್ತ ವಾಹನವೋ ನಿಂತಿರುತ್ತದೆ. ಆದಕಾರಣ ಈ ಚಿಕ್ಕ ಯಂತ್ರದ ದುರಸ್ತಿಯು ಸಾಮಾನ್ಯ ಸಭೆಯಲ್ಲಿ ಎರಡು ನಿಮಿಷದಲ್ಲಿ ಮುಗಿಸಬಹುದಾದ ವಿಷಯವಲ್ಲ.

ದುರಸ್ತಿ ಅಂಗಡಿಯಿಂದ ಬರುವ ದರಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಮೊತ್ತಗಳಿರುತ್ತವೆ: ಕಂಪನಿಯ ಪಿಸ್ಟನ್–ಸಿಲಿಂಡರ್ ಹಾಕಿದರೆ ಒಂದು, ಬೇರೆ ತಯಾರಕರ ಪರ್ಯಾಯ ಭಾಗ ಹಾಕಿದರೆ ಅದಕ್ಕಿಂತ ಬಹಳ ಕಡಿಮೆಯ ಇನ್ನೊಂದು. ಚರ್ಚೆಯೆಲ್ಲವೂ ಈ ಎರಡು ಮೊತ್ತಗಳ ಸುತ್ತಲೇ ನಡೆಯುತ್ತದೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯದು: ಹಳೆಯ ಪಿಸ್ಟನ್ ಕೆಟ್ಟದ್ದೇಕೆ? ಇದಕ್ಕೆ ಉತ್ತರ ದೊರೆಯದೆ ಜೋಡಿಸಿದ ಇಂಜಿನ್, ಭಾಗ ಯಾವುದೇ ಆಗಿರಲಿ, ಅದೇ ಕಾರಣದಿಂದ ಮತ್ತೆ ಜಾಮ್ ಆಗುತ್ತದೆ.

ಚೈನ್‌ಸಾದಲ್ಲಿರುವುದು ಎರಡು ಹೊಡೆತದ ಇಂಜಿನ್. ಕಾರಿನ ಇಂಜಿನ್ನಿನಂತೆ ಇದರಲ್ಲಿ ಆಯಿಲ್ ನಿಲ್ಲುವ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ ಒಂದೇ ಪಿಸ್ಟನ್, ರಿಂಗ್ ಹಾಗೂ ಬೇರಿಂಗ್‌ಗಳನ್ನು ನಯವಾಗಿಡುತ್ತದೆ. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಉಂಟಾಗುವ ನಿರ್ವಾತವು ಗಾಳಿ ಹಾಗೂ ಇಂಧನದ ಮಿಶ್ರಣವನ್ನು ಕಾರ್ಬುರೇಟರಿನಿಂದ ಒಳಗೆಳೆದುಕೊಳ್ಳುತ್ತದೆ. ಸವೆದ ಆಯಿಲ್ ಸೀಲಿನಿಂದಲೋ ಕಾರ್ಬುರೇಟರಿನ ಬಳಿ ಸೀಳಿದ ರಬ್ಬರಿನಿಂದಲೋ ಹೊರಗಿನ ಗಾಳಿ ನುಸುಳಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಅಂಶ ಕಡಿಮೆಯಾಗುತ್ತದೆ. ಪೆಟ್ರೋಲ್ ಕಡಿಮೆಯಾದರೆ ಅದರೊಡನೆ ಬರುವ ಆಯಿಲ್ ಸಹ ಕಡಿಮೆ, ಶಾಖ ಮಾತ್ರ ಹೆಚ್ಚು. ಪೂರ್ಣ ವೇಗದಲ್ಲಿ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಯಂತ್ರವು ಇದನ್ನು ಬಹಳ ಹೊತ್ತು ತಾಳಲಾರದು.

ಕೆಟ್ಟ ಪಿಸ್ಟನ್ನನ್ನು ಕೈಯಲ್ಲಿ ಹಿಡಿದು ನೋಡಿದರೆ ಕಾರಣ ಬಹುಮಟ್ಟಿಗೆ ಅದರ ಮೈಮೇಲೆಯೇ ಕಾಣುತ್ತದೆ. ಸುತ್ತಲೂ ಆಳವಾದ ಗೀರುಗಳಿದ್ದರೆ ಆಯಿಲ್ ಬೆರೆಸದ ಸಾದಾ ಪೆಟ್ರೋಲ್ ಹಾಕಿರುವ ಸಂಭವವೇ ಹೆಚ್ಚು. ನೀರಗಂಟಿಯ ಬೈಕಿಗೆ ತಂದ ಬಾಟಲಿಯೇ ಯಂತ್ರಕ್ಕೂ ಬಿದ್ದಿರಬಹುದು. ಸೈಲೆನ್ಸರ್ ಕಡೆಯ ಬದಿಯಲ್ಲಿ ಮಾತ್ರ ಗೀರಿದ್ದರೆ ಗಾಳಿ ಸೋರಿಕೆ, ಕಾರ್ಬುರೇಟರಿನ ತಪ್ಪು ಹೊಂದಾಣಿಕೆ ಅಥವಾ ಮರದಪುಡಿ ತುಂಬಿ ಮುಚ್ಚಿಹೋದ ಸಿಲಿಂಡರ್ ರೆಕ್ಕೆಗಳಿಂದಾದ ಅತಿಶಾಖವನ್ನು ಶಂಕಿಸಬೇಕು. ಕಾರ್ಬುರೇಟರ್ ಕಡೆಯ ಬದಿ ಮಸುಕಾಗಿ ಸವೆದಿದ್ದರೆ ಹರಿದ ಏರ್ ಫಿಲ್ಟರ್ ಮೂಲಕ ಧೂಳು ಒಳಸೇರಿದೆ ಎಂದರ್ಥ. ಆದ್ದರಿಂದ ಹಳೆಯ ಪಿಸ್ಟನ್ನನ್ನು ಅಂಗಡಿಯಲ್ಲಿ ಬಿಡದೆ ಕಚೇರಿಗೆ ತರಿಸಿ ಸಭೆಯಲ್ಲಿ ಸದಸ್ಯರ ಮುಂದಿಡುವುದು ಸೂಕ್ತ. ಹೊಸ ಭಾಗ ಹಾಕಿದ್ದಕ್ಕೂ ಅದೇ ಸಾಕ್ಷಿ.

ಸೋರಿಕೆಯನ್ನು ಊಹೆಯಿಂದ ತೀರ್ಮಾನಿಸುವಂತಿಲ್ಲ. ಸೈಲೆನ್ಸರ್ ಹಾಗೂ ಕಾರ್ಬುರೇಟರ್ ದ್ವಾರಗಳನ್ನು ಮುಚ್ಚಿ, ಕೈಪಂಪಿನಿಂದ ಸುಮಾರು 0.5 ಬಾರ್ ಒತ್ತಡ ನೀಡಿ, ಮುಳ್ಳು ಇಳಿಯುವುದೇ ಎಂದು 20 ಸೆಕೆಂಡು ಗಮನಿಸಲಾಗುತ್ತದೆ. ಅನಂತರ ಅಷ್ಟೇ ಪ್ರಮಾಣದ ನಿರ್ವಾತದಲ್ಲಿಯೂ ನೋಡಬೇಕು, ಏಕೆಂದರೆ ಒತ್ತಡವನ್ನು ತಡೆದ ಆಯಿಲ್ ಸೀಲ್ ನಿರ್ವಾತದಲ್ಲಿ ಸೋರುವುದುಂಟು. ಪುನರ್‌ಜೋಡಣೆಯ ನಂತರವೂ ಈ ಎರಡು ಪರೀಕ್ಷೆಗಳು ನಡೆಯಬೇಕು. ಇದಕ್ಕೆ ಬೇಕಾದ ಪಂಪು ದುಬಾರಿಯದಲ್ಲ. ಅದಿಲ್ಲದ ಅಂಗಡಿಗೆ ಇಂಜಿನ್ ಬಿಚ್ಚುವ ಕೆಲಸ ಕೊಡದಿರುವುದೇ ಲೇಸು.

ಇನ್ನು ಸಿಲಿಂಡರ್ ವಿಷಯ. ಹಳೆಯ ಬೈಕುಗಳ ಎರಕದ ಕಬ್ಬಿಣದ ಸಿಲಿಂಡರನ್ನು ಲೇತಿಗೆ ಕೊಟ್ಟು ಬೋರ್ ಮಾಡಿಸಿ ದಪ್ಪ ಪಿಸ್ಟನ್ ಹಾಕಿಸಿದ ಅನುಭವ ಅನೇಕರಿಗಿದೆ. ಚೈನ್‌ಸಾದಲ್ಲಿ ಅದು ನಡೆಯದು. ಇಲ್ಲಿ ಸಿಲಿಂಡರ್ ಅಲ್ಯೂಮಿನಿಯಂನದು. ಅದರ ಒಳಗೋಡೆಗೆ ನಿಕ್ಕಲ್–ಸಿಲಿಕಾನ್ ಕಾರ್ಬೈಡ್ ಅಥವಾ ಕ್ರೋಮಿಯಂನ ತೆಳುವಾದ ಗಟ್ಟಿ ಲೇಪವಿರುತ್ತದೆ. ಬೋರ್ ಮಾಡಿದರೆ ಆ ಲೇಪವೇ ಹೋಗುತ್ತದೆ. ಆದರೆ ಗೀರು ಬಿದ್ದಂತೆ ಕಾಣುವ ಸಿಲಿಂಡರ್ ಎಲ್ಲವೂ ಹಾಳಾದದ್ದಲ್ಲ ಎಂಬುದು ಗಮನಾರ್ಹ. ಅನೇಕ ವೇಳೆ ಲೇಪ ಸುಸ್ಥಿತಿಯಲ್ಲಿದ್ದು, ಕರಗಿದ ಪಿಸ್ಟನ್ನಿನ ಅಲ್ಯೂಮಿನಿಯಂ ಅದರ ಮೇಲೆ ಮೆತ್ತಿಕೊಂಡಿರುತ್ತದೆ. ನುರಿತ ಮೆಕ್ಯಾನಿಕ್ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಹತ್ತಿಯಿಂದ ಆ ಭಾಗಕ್ಕೆ ಮಾತ್ರ ಸವರಿ, ತೊಳೆದು, ನಯವಾದ ಉಜ್ಜುಕಾಗದದಿಂದ ಅದನ್ನು ತೆಗೆಯಬಲ್ಲನು. ಲೇಪ ಕಿತ್ತಿರದಿದ್ದರೆ ಕಂಪನಿಯ ಹಳೆಯ ಸಿಲಿಂಡರನ್ನೇ ಉಳಿಸಿಕೊಂಡು ಉತ್ತಮ ಪರ್ಯಾಯ ಪಿಸ್ಟನ್ ಮತ್ತು ರಿಂಗ್ ಹಾಕಿಸಬಹುದು. ಅಗ್ಗದ ಪೂರ್ಣ ಕಿಟ್‌ಗಿಂತ ಇದು ಹೆಚ್ಚು ಬಾಳಿಕೆಯದು, ವೆಚ್ಚವೂ ಕಡಿಮೆ. ಸಿಲಿಂಡರನ್ನು ಉಳಿಸಬಹುದೇ ಎಂಬುದನ್ನು ದರಪಟ್ಟಿಯಲ್ಲಿ ಬರಹದ ಮೂಲಕ ಕೇಳತಕ್ಕದ್ದು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ.

ಪರ್ಯಾಯ ಭಾಗ ಬೇರೆ, ನಕಲಿ ಭಾಗ ಬೇರೆ. ತನ್ನದೇ ಹೆಸರಿನಲ್ಲಿ ಪಿಸ್ಟನ್ ತಯಾರಿಸಿ ಮಾರುವುದು ನ್ಯಾಯಬದ್ಧ ವ್ಯಾಪಾರ. ಯಂತ್ರದ ಕಂಪನಿಯ ಡಬ್ಬಿಯನ್ನು ಅನುಕರಿಸಿ ಅದರಲ್ಲಿ ತುಂಬಿ ಮಾರುವುದು ವಂಚನೆ. ಬಿಲ್ಲಿನಲ್ಲಿ 'ಪಿಸ್ಟನ್ ಸೆಟ್' ಎಂದಷ್ಟೇ ಇದ್ದರೆ ಯಾವುದೆಂದು ತಿಳಿಯದು. ತಯಾರಕರ ಹೆಸರು, ಭಾಗದ ಸಂಖ್ಯೆ ಹಾಗೂ ವ್ಯಾಸ ಇರಬೇಕು. ವ್ಯಾಸದ ವಿಷಯದಲ್ಲಿ ಎಚ್ಚರ ಅಗತ್ಯ. ಉದಾಹರಣೆಗೆ ಸ್ಟಿಲ್ ಕಂಪನಿಯ ಎಂಎಸ್ 170 ಮತ್ತು ಎಂಎಸ್ 180 ಹೊರನೋಟಕ್ಕೆ ಒಂದೇ ತೆರನಾದವು. ಆದರೆ ಪಿಸ್ಟನ್ ವ್ಯಾಸ ಮೊದಲನೆಯದಕ್ಕೆ 37 ಮಿ.ಮೀ., ಎರಡನೆಯದಕ್ಕೆ 38 ಮಿ.ಮೀ.

ಅಗ್ಗದ ಪರ್ಯಾಯ ಸಿಲಿಂಡರ್‌ಗಳಲ್ಲಿ ಕಾಣುವ ಸಾಮಾನ್ಯ ದೋಷವೆಂದರೆ ಒಳದ್ವಾರಗಳ ಅಂಚು ಹರಿತವಾಗಿಯೇ ಉಳಿದಿರುವುದು. ರಿಂಗ್ ಅದಕ್ಕೆ ಸಿಕ್ಕಿ ಮುರಿಯುತ್ತದೆ. ಜೋಡಣೆಗೆ ಮುನ್ನ ಈ ಅಂಚುಗಳನ್ನು ಸ್ವಲ್ಪವೇ ಮಟ್ಟಸಗೊಳಿಸಬೇಕು. ಪಿಸ್ಟನ್ ತಲೆಗೂ ಸಿಲಿಂಡರ್ ಮಾಡಿಗೂ ನಡುವೆ ಸುಮಾರು ಅರ್ಧ ಮಿ.ಮೀ. ಅಂತರವಾದರೂ ಇರಬೇಕು, ಬೆಸುಗೆ ಹಾಕುವ ಸೀಸದ ತಂತಿಯನ್ನು ಪ್ಲಗ್ ರಂಧ್ರದಿಂದ ಇಳಿಬಿಟ್ಟು ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆದರೆ ಅದು ತಿಳಿಯುತ್ತದೆ. ಪಿಸ್ಟನ್ ಪಿನ್ನನ್ನು ಹಿಡಿದಿಡುವ ಸಣ್ಣ ತಂತಿಯ ಲಾಕುಗಳು, ಆಯಿಲ್ ಸೀಲುಗಳು ಮತ್ತು ಬೇರಿಂಗ್‌ಗಳ ವಿಷಯದಲ್ಲಿ ಉಳಿತಾಯ ಬೇಡ. ಕೆಲವೇ ರೂಪಾಯಿಯ ಲಾಕು ಕಳಚಿದರೆ ಹೊಸ ಸಿಲಿಂಡರ್ ಒಂದೇ ನಿಮಿಷದಲ್ಲಿ ಹಾಳಾಗುತ್ತದೆ.

ಜೋಡಣೆ ಸರಿಯಾಗಿದ್ದರೂ ಇಂಧನ ತಪ್ಪಿದರೆ ಫಲವಿಲ್ಲ. ಕೈಪಿಡಿಯಲ್ಲಿ 1:50 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ., ಐದು ಲೀಟರಿಗೆ 100 ಮಿ.ಲೀ. ಎರಡು ಹೊಡೆತದ ಇಂಜಿನ್ ಆಯಿಲ್. ಬೇರೆ ತಯಾರಕರ ಆಯಿಲ್ ಬಳಸಿದಲ್ಲಿ 1:25 ಎಂದು ಸೂಚಿಸುವ ಕೈಪಿಡಿಗಳೂ ಇವೆ. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಚೈನ್‌ಸಾ ಕೈಪಿಡಿಗಳು ಅನೇಕವಾಗಿ ಶೇ. 10ನ್ನೇ ಮಿತಿಯಾಗಿ ಹೇಳುತ್ತವೆ. ಎಥನಾಲ್ ತೇವವನ್ನು ಹೀರುತ್ತದೆ, ಕಾರ್ಬುರೇಟರಿನ ಡಯಾಫ್ರಂ ಹಾಗೂ ಇಂಧನ ಕೊಳವೆಯನ್ನು ಕೆಡಿಸುತ್ತದೆ. ಮಳೆಗಾಲದ ಮಿಶ್ರಣವನ್ನು ಟ್ಯಾಂಕಿನಲ್ಲಿಯೇ ಬಿಟ್ಟು ಮುಂದಿನ ಮಳೆಗಾಲಕ್ಕೆ ಎತ್ತಿಡುವ ರೂಢಿಯೇ ಅನೇಕ ದುರಸ್ತಿಗಳ ಮೂಲ. ಬಳಕೆ ಮುಗಿದೊಡನೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ನಿಧಾನಗತಿಯಲ್ಲಿ ಓಡಿಸಿ ಇಡತಕ್ಕದ್ದು.

ಇಂಜಿನ್ ಬಿಚ್ಚಿದಾಗಲೇ ಚೈನ್ ಬ್ರೇಕ್, ಮುಂಗೈ ರಕ್ಷಕ, ತುಂಡಾದ ಚೈನನ್ನು ಹಿಡಿಯುವ ಕೊಕ್ಕೆ ಹಾಗೂ ಕಂಪನ ತಡೆಯುವ ರಬ್ಬರುಗಳನ್ನು ಪರಿಶೀಲಿಸಲು ಲಿಖಿತವಾಗಿ ಸೂಚಿಸಬೇಕು. ಬಾರಿನ ತುದಿ ಕೊಂಬೆಗೆ ತಗುಲಿದರೆ ಯಂತ್ರ ಮುಖದತ್ತ ಚಿಮ್ಮುತ್ತದೆ. ಆಗ ಚೈನನ್ನು ನಿಲ್ಲಿಸುವುದು ಬ್ರೇಕ್ ಮಾತ್ರ. ಇಂಜಿನ್ ಹೊಸದಾಗಿ, ಬ್ರೇಕ್ ತುಕ್ಕು ಹಿಡಿದಿರುವ ಯಂತ್ರವನ್ನು ಸಿಬ್ಬಂದಿಯ ಕೈಗೆ ಕೊಡುವುದಕ್ಕಿಂತ ಅದನ್ನು ನಿರುಪಯುಕ್ತವೆಂದು ಪರಿಗಣಿಸುವುದು ಮೇಲು. ಬ್ರೇಕ್ ಸಂಬಂಧಿತ ಭಾಗಗಳು ಕಂಪನಿಯವೇ ಆಗಿರಲಿ.

ದುರಸ್ತಿಯ ಒಟ್ಟು ಅಂದಾಜು ಅದೇ ಸಾಮರ್ಥ್ಯದ ಹೊಸ ಯಂತ್ರದ ಬೆಲೆಯ ಅರ್ಧವನ್ನು ಮೀರಿದಲ್ಲಿ, ವಿಶೇಷವಾಗಿ ಕ್ರ್ಯಾಂಕ್‌ಶಾಫ್ಟ್ ಕೂಡ ಕೆಟ್ಟಿದ್ದಲ್ಲಿ, ಹೊಸದರ ಖರೀದಿಯನ್ನೇ ಸಭೆ ಪರಿಶೀಲಿಸುವುದು ಒಳಿತು. ದುರಸ್ತಿಗೆ ನಿರ್ಣಯವಾದರೆ ಏಪ್ರಿಲ್ ಒಳಗೆ ಕೆಲಸ ಮುಗಿಯಬೇಕು. ಹೊಸ ರಿಂಗ್ ಹೊಂದಿಕೊಳ್ಳಲು ಮೊದಲ ಎರಡು ಮೂರು ಟ್ಯಾಂಕ್ ಇಂಧನವನ್ನು ಸಣ್ಣ ದಿಮ್ಮಿಗಳ ಮೇಲೆ, ಎಡೆಬಿಡದೆ ಪೂರ್ಣ ವೇಗ ನೀಡದೆ ಖರ್ಚು ಮಾಡಬೇಕಾಗುತ್ತದೆ. ಮರ ಬಿದ್ದ ದಿನ ಅದಕ್ಕೆ ಅವಕಾಶವಿರುವುದಿಲ್ಲ. ಹಾಕಿದ ಭಾಗಗಳ ವಿವರ, ಸೋರಿಕೆ ಪರೀಕ್ಷೆಯ ದಿನಾಂಕ ಮತ್ತು ಯಂತ್ರ ಪಡೆದ ಸಿಬ್ಬಂದಿಯ ಸಹಿಯನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ, ಮಿಶ್ರಣದ ಪ್ರಮಾಣವನ್ನು ಬಣ್ಣದಲ್ಲಿ ಇಂಧನ ಕ್ಯಾನಿನ ಮೇಲೆಯೇ ಬರೆಸತಕ್ಕದ್ದು.