ತೊಗಟೆ ಸುಲಿದರೂ ಸಾಯದ ಕಾರ್ಕ್ ಮರ

ಮರದ ಬುಡದ ಸುತ್ತ ಉಂಗುರದಂತೆ ತೊಗಟೆ ಸುಲಿದರೆ ಮರ ಒಣಗಿ ಸಾಯುತ್ತದೆ ಎಂಬುದು ತೋಟ ಇರುವವರಿಗೆಲ್ಲ ಗೊತ್ತು. ಹೀಗಿರುವಾಗ ಬಾಟಲಿಯ ಬಿರಡೆ, ನೋಟಿಸ್ ಬೋರ್ಡು, ಶಟಲ್ ಕಾಕ್‌ನ ಬುಡ, ಕ್ರಿಕೆಟ್ ಚೆಂಡಿನ ತಿರುಳು ಇವಕ್ಕೆಲ್ಲ ಬಳಸುವ ಕಾರ್ಕ್ ಕೂಡ ಮರದ ತೊಗಟೆಯೇ ಎಂದು ತಿಳಿದಾಗ, ಅದಕ್ಕಾಗಿ ಎಷ್ಟು ಮರಗಳು ಬಲಿಯಾಗುತ್ತವೋ ಎಂದು ಅನಿಸುವುದು ಸಹಜ. ಆದರೆ ಕಾರ್ಕ್‌ಗಾಗಿ ಮರ ಕಡಿಯುವುದಿಲ್ಲ.

ಕಾರ್ಕ್ ಸಿಗುವುದು ಕ್ವೆರ್ಕಸ್ ಸೂಬರ್ ಎಂಬ ಓಕ್ ಜಾತಿಯ ಮರದಿಂದ. ಇದು ಸ್ಪೇನ್, ಮೊರಾಕ್ಕೊ, ಅಲ್ಜೀರಿಯಾ, ಇಟಲಿಗಳಲ್ಲೂ ಬೆಳೆಯುತ್ತದೆ. ಆದರೆ ಜಗತ್ತಿನ ಕಾರ್ಕ್‌ನಲ್ಲಿ ಸುಮಾರು ಅರ್ಧದಷ್ಟು ಪೋರ್ಚುಗಲ್ ಒಂದರಿಂದಲೇ ಬರುತ್ತದೆ.

ತೊಗಟೆಯಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿಗೆ ಸಾಗಿಸುವುದು ಒಳಗಿನ ಜೀವಂತ ಪದರ. ಉಂಗುರ ಸುಲಿದಾಗ ಮರ ಸಾಯುವುದು ಈ ದಾರಿ ಕಡಿದುಹೋಗುವುದರಿಂದ. ಹೊರಗಿನದು ಸತ್ತ ಜೀವಕೋಶಗಳ ಹೊದಿಕೆ. ಹೆಚ್ಚಿನ ಮರಗಳಲ್ಲಿ ತೆಳ್ಳಗಿರುವ ಈ ಹೊದಿಕೆ ಇಲ್ಲಿ ಕೆಲವು ಸೆಂಟಿಮೀಟರ್ ದಪ್ಪ ಬೆಳೆದು, ಕಾಡ್ಗಿಚ್ಚಿನಿಂದ ಮರವನ್ನು ಕಾಯುತ್ತದೆ. ಅದನ್ನು ಮಾತ್ರ ತೆಗೆದರೆ ಮರ ಮತ್ತೆ ಹೊಸದನ್ನು ಬೆಳೆಸಿಕೊಳ್ಳುತ್ತದೆ.

ಬೇಸಿಗೆಯಲ್ಲಿ ಮರ ಚುರುಕಾಗಿ ಬೆಳೆಯುವಾಗ ಹೊರಪದರ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಆಗ ನುರಿತ ಕೆಲಸಗಾರರು ಕೊಡಲಿಯಿಂದ ಅದನ್ನು ದೊಡ್ಡ ಹಲಗೆಗಳಂತೆ ಎಬ್ಬಿಸುತ್ತಾರೆ. ಏಟು ಸ್ವಲ್ಪ ಆಳಕ್ಕೆ ಇಳಿದರೂ ಒಳಪದರಕ್ಕೆ ಗಾಯ. ಕೆಲಸ ಮುಗಿದ ಮೇಲೆ ಆ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ಪೋರ್ಚುಗಲ್‌ನ ಕಾನೂನಿನ ಪ್ರಕಾರ ಇನ್ನು 9 ವರ್ಷ ಆ ಭಾಗವನ್ನು ಮುಟ್ಟುವಂತಿಲ್ಲ.

ಮೊದಲ ಸುಲಿತಕ್ಕೇ ಮರಕ್ಕೆ ಸುಮಾರು 25 ವರ್ಷ ಆಗಿರಬೇಕು. ಮೊದಲ ಎರಡು ಸಲದ ಕಾರ್ಕ್ ಒರಟು. ಪುಡಿ ಮಾಡಿ ಒತ್ತಿ ಹಾಳೆ, ನೆಲಹಾಸು ಮಾಡಬಹುದು, ಅಷ್ಟೇ. ಒಳ್ಳೆಯ ಬಿರಡೆಗೆ ಮೂರನೆಯ ಸುಲಿತ, ಅಂದರೆ 43ನೇ ವರ್ಷದ ತನಕ ಕಾಯಬೇಕು. ನೆಟ್ಟವರಿಗಿಂತ ಅವರ ಮಕ್ಕಳು, ಮೊಮ್ಮಕ್ಕಳಿಗೇ ಇದರ ಲಾಭ ಹೆಚ್ಚು.

ಇಷ್ಟು ಕಾಯುವಂಥದ್ದು ಇದರಲ್ಲಿ ಏನಿದೆ? 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಕಾರ್ಕ್‌ನ ತೆಳುವಾದ ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಪುಟ್ಟ ಪುಟ್ಟ ಗೂಡುಗಳು ಕಂಡವು. ಅವನ್ನು ಅವನು 'ಸೆಲ್' ಎಂದು ಕರೆದ. ಜೀವಕೋಶಕ್ಕೆ ಇಂಗ್ಲಿಷಿನಲ್ಲಿ ಆ ಹೆಸರು ಬಂದದ್ದು ಹೀಗೆ. ಗೂಡುಗಳ ತುಂಬ ಗಾಳಿ, ಗೋಡೆಯಲ್ಲಿ ಸೂಬರಿನ್ ಎಂಬ ಮೇಣದಂಥ ವಸ್ತು. ಹಾಗಾಗಿ ಕಾರ್ಕ್ ತೇಲುತ್ತದೆ, ನೀರನ್ನು ಸುಲಭಕ್ಕೆ ಬಿಡುವುದಿಲ್ಲ, ಬಿಸಿಯನ್ನೂ ಸದ್ದನ್ನೂ ತಡೆಯುತ್ತದೆ. ರಬ್ಬರನ್ನು ಒಂದು ದಿಕ್ಕಿನಿಂದ ಒತ್ತಿದರೆ ಪಕ್ಕಕ್ಕೆ ಉಬ್ಬುತ್ತದೆ. ಕಾರ್ಕ್ ಹೆಚ್ಚೂಕಡಿಮೆ ಉಬ್ಬುವುದಿಲ್ಲ. ಬಾಟಲಿಯ ಕೊರಳಿಗೆ ಅದನ್ನು ತುರುಕಲು ಆಗುವುದು ಇದರಿಂದಲೇ.

ಅಂದಹಾಗೆ, ನಮ್ಮ ಆಕಾಶಮಲ್ಲಿಗೆಗೆ ಬಿರಟೆ ಮರ ಎಂಬ ಹೆಸರೂ ಇದೆ. ಅದರ ತೊಗಟೆಯನ್ನು ಕಾರ್ಕ್‌ಗೆ ಬದಲಾಗಿ ಬಳಸಿದ್ದುಂಟು, ಗುಣಮಟ್ಟ ಮಾತ್ರ ಕಡಿಮೆ.

ಕಾಡು ಉಳಿಯಲಿ ಎಂದು ಪ್ಲಾಸ್ಟಿಕ್ ಬಿರಡೆ ಆರಿಸಿಕೊಂಡರೆ ಪರಿಣಾಮ ಉಲ್ಟಾ ಆಗಬಹುದು. ಈ ಮರಗಳು 200 ವರ್ಷದವರೆಗೂ ಬದುಕಬಲ್ಲವು. ಕಡಿಯದೆ ಬಿಟ್ಟರೆ ಆದಾಯ ಎಂಬುದೇ ಜಮೀನಿನವರು ಅವನ್ನು ಉಳಿಸಿಕೊಳ್ಳಲು ದೊಡ್ಡ ಕಾರಣ. ಕಾರ್ಕ್‌ಗೆ ಗಿರಾಕಿ ಇಲ್ಲವಾದರೆ ಅದೇ ನೆಲದಲ್ಲಿ ಬೇಗ ಬೆಳೆದು ಬೇಗ ಕಡಿಯಲು ಬರುವ ನೀಲಗಿರಿ ನೆಡುವ ಆಸೆ ಹುಟ್ಟುತ್ತದೆ.