ಕಬ್ಬು ಕಟಾವು ಕೂಲಿ ಮತ್ತು ಮೂಲದಲ್ಲಿ ತೆರಿಗೆ ಕಡಿತ: ತಿಳಿವಳಿಕೆ

ಕಬ್ಬು ನುರಿಸುವ ಹಂಗಾಮಿನಲ್ಲಿ ಕಟಾವು ತಂಡಕ್ಕೆ ಸಲ್ಲಬೇಕಾದ ಹಣವು ಹಲವೆಡೆ ಮೇಸ್ತ್ರಿಯ ಹೆಸರಿನಲ್ಲಿ ಪಾವತಿಯಾಗುತ್ತದೆ. ಇಂತಹ ಗುತ್ತಿಗೆ ಪಾವತಿಯು ಒಂದು ಬಾರಿಗೆ 30,000 ರೂ. ಅಥವಾ ವರ್ಷಕ್ಕೆ ಒಟ್ಟು 1,00,000 ರೂ. ಮೀರಿದಲ್ಲಿ, ಶೇ. 1ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಕಡಿತಗೊಳಿಸಲಾಗುತ್ತದೆ. ಮೇಸ್ತ್ರಿಯು ಪ್ಯಾನ್ ಸಂಖ್ಯೆ ನೀಡದಿದ್ದಲ್ಲಿ ಈ ಕಡಿತವು ಶೇ. 20 ಆಗುತ್ತದೆ. ಅಂದರೆ 2,00,000 ರೂ. ಬಿಲ್ಲಿನಲ್ಲಿ 2,000 ರೂ. ಬದಲಿಗೆ 40,000 ರೂ. ಕಡಿತವಾಗುತ್ತದೆ. ಈ ಹೊರೆಯು ಕೊನೆಗೆ ಕೂಲಿಕಾರರ ಬಟವಾಡೆಯ ಮೇಲೆಯೇ ಬೀಳುತ್ತದೆ.

ಕಡಿತವಾದ ಹಣವು ಅಂತಿಮ ತೆರಿಗೆಯಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ಆರ್ಥಿಕ ವರ್ಷಕ್ಕೆ 4,00,000 ರೂ.ವರೆಗಿನ ಆದಾಯಕ್ಕೆ ತೆರಿಗೆ ಇರುವುದಿಲ್ಲ. ಮೇಸ್ತ್ರಿಯ ಆದಾಯವೆಂದರೆ ಬಿಲ್ಲಿನ ಪೂರ್ಣ ಮೊತ್ತವಲ್ಲ. ತಂಡಕ್ಕೆ ಹಂಚಿದ ಕೂಲಿಯನ್ನು ಕಳೆದು ಉಳಿಯುವುದು ಮಾತ್ರ. ಆದಾಯ ತೆರಿಗೆ ವಿವರಪಟ್ಟಿ ಸಲ್ಲಿಸಿದಲ್ಲಿ ಹೆಚ್ಚುವರಿ ಕಡಿತವು ಬ್ಯಾಂಕ್ ಖಾತೆಗೆ ಮರಳುತ್ತದೆ, ಸಲ್ಲಿಸದಿದ್ದಲ್ಲಿ ಮರಳುವುದಿಲ್ಲ.

ಹೊಲದಲ್ಲಿ ದುಡಿದು ಪಡೆದ ಕೂಲಿಯು ಕೃಷಿ ಆದಾಯವೆಂಬ ಭಾವನೆ ಸರಿಯಲ್ಲ. ತೆರಿಗೆ ವಿನಾಯಿತಿಯುಳ್ಳ ಕೃಷಿ ಆದಾಯವು ಭೂಮಿಯ ಸಾಗುವಳಿದಾರರಿಗೆ ಅನ್ವಯಿಸುತ್ತದೆಯೇ ಹೊರತು ಕೂಲಿಗಲ್ಲ.

ಆದುದರಿಂದ ಮೇಸ್ತ್ರಿಗಳು ಹಂಗಾಮಿಗೆ ಮುನ್ನವೇ ಪ್ಯಾನ್ ಸಂಖ್ಯೆಯನ್ನು ಪಾವತಿದಾರರಿಗೆ ನೀಡುವುದು, ಪ್ರತಿ ಬಟವಾಡೆಯನ್ನು ಹೆಸರು, ದಿನಾಂಕ ಹಾಗೂ ಸಹಿ ಅಥವಾ ಹೆಬ್ಬೆರಳ ಗುರುತಿನೊಂದಿಗೆ ವಹಿಯಲ್ಲಿ ದಾಖಲಿಸುವುದು, ತೆರಿಗೆ ಕಡಿತದ ಪ್ರಮಾಣಪತ್ರವನ್ನು ಕೇಳಿ ಪಡೆಯುವುದು. ಕೂಲಿಕಾರರು ತಮ್ಮ ಪಾಲಿನಿಂದ ಕಡಿತವಾದ ಮೊತ್ತದ ಲೆಕ್ಕವನ್ನು ಕೇಳಲು ಹಿಂಜರಿಯಬಾರದು.