ಮಲೆನಾಡಿನ ಮುಂಜಾವು ಮತ್ತು ಹಕ್ಕಿಗಳ ದನಿ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಪಶ್ಚಿಮಘಟ್ಟದ ಮಳೆಕಾಡಿನ ಪ್ರದೇಶಕ್ಕೆ ಸೇರಿವೆ. ಕಾಡು, ಹಳ್ಳ, ಅಡಿಕೆ ತೋಟ ಹಾಗೂ ತೋಟಕ್ಕೆ ಹೊಂದಿಕೊಂಡ ಸೊಪ್ಪಿನಬೆಟ್ಟಗಳು ಇಲ್ಲಿ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಕಾಡುಹಕ್ಕಿಗಳು ಮನೆಗಳ ಸಮೀಪದಲ್ಲಿಯೇ ವಾಸಿಸುತ್ತವೆ. ಅವುಗಳ ದನಿಯಿಂದ ಎಚ್ಚರಗೊಳ್ಳುವುದು ಈ ಭಾಗದ ಜನರಿಗೆ ನಿತ್ಯದ ಅನುಭವವಾಗಿದೆ.

ದನಿಗಳ ಪರಿಚಯ

ಬೆಳಕು ಮೂಡುವ ಮುನ್ನವೇ ಹಳ್ಳದ ಕಡೆಯಿಂದ ಕೇಳಿಬರುವ ಶಿಳ್ಳೆ ಸಿಳ್ಳಾರ ಹಕ್ಕಿಯದು. ದಾರಿಹೋಕ ಹುಡುಗನೊಬ್ಬ ರಾಗ ಮರೆತು ಶಿಳ್ಳೆ ಹಾಕುತ್ತಿರುವಂತೆ ಇದು ಕೇಳಿಸುತ್ತದೆ. ಮಳೆಗಾಲದಲ್ಲಿಯೂ ಇದರ ಹಾಡು ನಿಲ್ಲುವುದಿಲ್ಲ. ಕಪ್ಪು ಬಿಳುಪು ಬಣ್ಣದ ಮಡಿವಾಳ ಹಕ್ಕಿ ಮರದ ತುದಿಯಲ್ಲಿ ಕುಳಿತು ಇಂಪಾಗಿ ಹಾಡುತ್ತದೆ. ಭೀಮರಾಜ ಹಕ್ಕಿಯು ಇತರ ಹಕ್ಕಿಗಳ ದನಿಯನ್ನು ಅನುಕರಿಸಬಲ್ಲದು. ಕಾಡುಕೋಳಿಯ ಕೂಗಿನ ಜೊತೆಗೆ ‘ಕುಟ್ರು ಕುಟ್ರು’ ಎನ್ನುವ ಕುಟುರ ಹಕ್ಕಿಯ ದನಿಯೂ ಸೇರುತ್ತದೆ.

ಮುಂಜಾವಿನಲ್ಲಿಯೇ ಏಕೆ?

ಬಹುಪಾಲು ಗಂಡುಹಕ್ಕಿಗಳು ಹಾಡುವುದು ತಮ್ಮ ನೆಲೆಯ ಎಲ್ಲೆಯನ್ನು ಸಾರಲು ಮತ್ತು ಹೆಣ್ಣನ್ನು ಆಕರ್ಷಿಸಲು. ಆದ್ದರಿಂದ ಗೂಡು ಕಟ್ಟುವ ಕಾಲದಲ್ಲಿ ಹಾಡು ಹೆಚ್ಚಾಗಿರುತ್ತದೆ. ಮುಂಜಾವಿನ ಮಬ್ಬಿನಲ್ಲಿ ಹುಳುಹುಪ್ಪಟೆಗಳನ್ನು ಹುಡುಕುವುದು ಕಷ್ಟ. ಗಾಳಿಯೂ ಶಾಂತವಾಗಿದ್ದು ದನಿ ಸ್ಪಷ್ಟವಾಗಿ ಕೇಳುತ್ತದೆ. ಹೀಗಾಗಿ ಈ ಸಮಯವು ಹಾಡಿಗೆ ಅನುಕೂಲಕರವೆಂದು ತಜ್ಞರು ವಿವರಿಸುತ್ತಾರೆ.

ಒಣಮರದ ಮಹತ್ವ

ಬೆಟ್ಟದಲ್ಲಿ ನಿಂತಿರುವ ಒಣಮರವನ್ನು ನಿರುಪಯೋಗಿ ಎಂದು ಭಾವಿಸಿ ಸೌದೆಗೆ ಕಡಿಯುವುದುಂಟು. ಆದರೆ ಕುಟುರ ಹಕ್ಕಿಯು ಗೂಡಿಗಾಗಿ ಪೊಟರೆ ಕೊರೆಯುವುದು ಇಂತಹ ಮೆತ್ತಗಾದ ಮರ ಅಥವಾ ಕೊಂಬೆಯಲ್ಲಿಯೇ. ಅದು ಬಿಟ್ಟುಹೋದ ಪೊಟರೆಗಳು ತಾವೇ ಕೊರೆಯಲಾರದ ಮಡಿವಾಳ, ಮೈನಾ ಮುಂತಾದ ಹಕ್ಕಿಗಳಿಗೆ ಆಸರೆಯಾಗುತ್ತವೆ. ಒಂದು ಒಣಮರ ಉರುಳಿದರೆ ಹಲವು ಹಕ್ಕಿಗಳ ನೆಲೆ ಒಮ್ಮೆಗೇ ಇಲ್ಲವಾಗುತ್ತದೆ. ಅದೇ ರೀತಿ ಹಳ್ಳದ ದಂಡೆಯ ಗಿಡಮರಗಳು ನಾಶವಾದಲ್ಲಿ, ಬಂಡೆಗಳ ಸಂದಿಯಲ್ಲಿ ಗೂಡು ಕಟ್ಟುವ ಸಿಳ್ಳಾರವು ಆ ಜಾಗವನ್ನು ತೊರೆಯುವ ಸಂಭವವಿರುತ್ತದೆ.

ಕಾನೂನಿನ ರಕ್ಷಣೆ

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನ್ವಯ ವನ್ಯಪಕ್ಷಿಗಳನ್ನು ಕೊಲ್ಲುವುದು ಮತ್ತು ಹಿಡಿಯುವುದು ಮಾತ್ರವಲ್ಲದೆ, ಅವುಗಳ ಮೊಟ್ಟೆಗಳಿಗೆ ಹಾನಿ ಮಾಡುವುದು, ಗೂಡುಗಳಿಗೆ ತೊಂದರೆ ನೀಡುವುದು ಸಹ ‘ಬೇಟೆ’ ಎಂಬ ಪದದ ವ್ಯಾಪ್ತಿಗೆ ಬರುತ್ತದೆ. ಶರಾವತಿ ಕಣಿವೆಯ ಅಭಯಾರಣ್ಯವನ್ನು 2019ರಲ್ಲಿ ವಿಸ್ತರಿಸಿ ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಲಾಗಿದೆ. ಆದರೆ ಮನೆಯ ಸುತ್ತಲಿನ ಹಕ್ಕಿಗಳ ಉಳಿವು ಅಭಯಾರಣ್ಯದ ಗಡಿಯ ಹೊರಗಿನ ಬೆಟ್ಟ ಮತ್ತು ತೋಟಗಳನ್ನೂ ಅವಲಂಬಿಸಿದೆ.

ಸಾರ್ವಜನಿಕರಲ್ಲಿ ಮನವಿ

ಸೊಪ್ಪಿನಬೆಟ್ಟದಲ್ಲಿ ಸೊಪ್ಪು, ದರಗೆಲೆ ಸಂಗ್ರಹಿಸುವಾಗ ಪೊಟರೆಯಿರುವ ಮರಗಳನ್ನು ಉಳಿಸುವುದು, ಹಳ್ಳದ ದಂಡೆಯ ಗಿಡಗಳನ್ನು ಸವರದಿರುವುದು ಹಾಗೂ ಗೂಡುಗಳ ಸಮೀಪ ಹೋಗದಿರುವುದು ಅಗತ್ಯ. ಮುಂದಿನ ಪೀಳಿಗೆಯೂ ಹಕ್ಕಿಗಳ ದನಿಗೆ ಎಚ್ಚರಗೊಳ್ಳುವಂತಾಗಲು ಗ್ರಾಮಸ್ಥರು ಸಹಕರಿಸಬೇಕೆಂದು ಕೋರಲಾಗಿದೆ.